ಡಬ್ಬಿಯ ಪುಟ್ಟ ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತಿದೆ, ಯಾವ ಎಸ್‌ಎಸ್ ಸ್ಕ್ರೂ ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿ ತಾರಸಿಯ ನೀರಿನ ಟ್ಯಾಂಕಿಗೆ ಸೆನ್ಸರ್ ಕೂರಿಸಿದ್ದೀರಿ. ಅದರ ಎಬಿಎಸ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಡಬ್ಬಿಯ ಜೊತೆ ಬಂದ ಕಪ್ಪು ಸ್ಕ್ರೂಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದಿವೆ. ಸ್ಟೇನ್‌ಲೆಸ್ ಹಾಕೋಣ ಅಂತ ಆನ್‌ಲೈನ್ ನೋಡಿದರೆ 4×13, ಎಂ3×10, ಪಿಎ, ಪಿಬಿ, 304, ಎ4 ಅಂತ ಏನೇನೋ ಬರೆದಿದ್ದಾರೆ. ಯಾವುದು ತರಿಸೋದು?

ಅಂಗೈಯಷ್ಟು ಅಗಲದ ಡಬ್ಬಿಯಾದರೆ 4 ನಂಬರಿನ, 9.5 ಅಥವಾ 13 ಮಿ.ಮೀ. ಉದ್ದದ, ಪ್ಯಾನ್ ಹೆಡ್ (ಅಡಿ ಚಪ್ಪಟೆಯಾದ ತಲೆ) ಇರುವ, 304 ದರ್ಜೆಯ ಸ್ಟೀಲಿನ ಸ್ಕ್ರೂ ಬಹುಶಃ ಸರಿಹೋಗುತ್ತದೆ. ಆದರೆ ತರಿಸುವ ಮೊದಲು ಹಳೆಯದೊಂದನ್ನು ಬಿಚ್ಚಿ ಅಳತೆ ತೆಗೆಯಿರಿ. ಡಬ್ಬಿಯ ಮುಚ್ಚಳ ಹಿಡಿಯೋದಕ್ಕೆ ಯಾವ ಎಸ್‌ಎಸ್ ಸ್ಕ್ರೂ ಆದರೂ ಸಾಕಷ್ಟು ಗಟ್ಟಿ. ಸೋಲೋದು ಪ್ಲಾಸ್ಟಿಕ್ಕಿನ ತೂತು. ಹಾಗಾಗಿ ತೂತು ನೋಡಿ ಸ್ಕ್ರೂ ಆರಿಸಬೇಕು.

ಮೊದಲು ಆ ಅಂಕಿಗಳ ಗೊಂದಲ ಬಿಡಿಸೋಣ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ 4×13 ಅಂದರೆ 4 ಮಿ.ಮೀ. ದಪ್ಪ ಅಲ್ಲ. 4 ಅನ್ನೋದು ಗೇಜ್ ನಂಬರ್, 13 ಮಾತ್ರ ಮಿಲಿಮೀಟರ್. ಹೋಗಲಿ, ಆ 13 ಕೂಡ ಹಳೆಯ ಅರ್ಧ ಇಂಚೇ, 19 ಅಂದರೆ ಮುಕ್ಕಾಲು ಇಂಚು. ಒಂದೇ ಪೊಟ್ಟಣದ ಮೇಲೆ ಎರಡು ಲೆಕ್ಕ! 2 ನಂಬರ್ ಅಂದರೆ 2.2 ಮಿ.ಮೀ. ದಪ್ಪ, 4 ನಂಬರ್ 2.9, 6 ನಂಬರ್ 3.5. ಕ್ಯಾಟಲಾಗುಗಳಲ್ಲಿ ಇವನ್ನೇ ಎಸ್‌ಟಿ 2.2, ಎಸ್‌ಟಿ 2.9, ಎಸ್‌ಟಿ 3.5 ಅಂತ ಬರೆಯುತ್ತಾರೆ. ಚೀನಾದಿಂದ ಬರುವ ಪೊಟ್ಟಣಗಳಲ್ಲಿ ಎಂ2, ಎಂ2.6, ಎಂ3 ಅಂತ ಇರುತ್ತದೆ. ಅಲ್ಲಿ ಅಂಕಿ ನೇರವಾಗಿ ಮಿಲಿಮೀಟರಿನಲ್ಲೇ ಇರುತ್ತದೆ. ಆದರೆ ಎಂ3 ಅಂತ ಬರೆದ ಮಾತ್ರಕ್ಕೆ ಎಂ3 ನಟ್ಟಿಗೆ ಅದು ಕೂರುವುದಿಲ್ಲ. ಇವೆಲ್ಲ ಸೆಲ್ಫ್ ಟ್ಯಾಪಿಂಗ್, ಅಂದರೆ ತೂತಿನಲ್ಲಿ ತಾವೇ ಥ್ರೆಡ್ ಕೊರೆದುಕೊಳ್ಳುವ ಸ್ಕ್ರೂಗಳು. ಇವುಗಳ ಥ್ರೆಡ್ ಬಹಳ ಬಿಡಿಬಿಡಿಯಾಗಿರುತ್ತದೆ.

ಪಿಎ ಅಂದರೆ ಪ್ಯಾನ್ ಹೆಡ್, ಚೂಪು ತುದಿ. ಪಿಬಿ ಅಂದರೆ ಅದೇ ತಲೆ, ಮೊಂಡು ತುದಿ. ಕೆಎ ಅಂದರೆ ಸಿಎಸ್‌ಕೆ (ಕೌಂಟರ್‌ಸಂಕ್, ಅಡಿ ಇಳಿಜಾರಾಗಿ ಮುಚ್ಚಳದೊಳಗೆ ಸಮವಾಗಿ ಕೂರುವ) ತಲೆ, ಚೂಪು ತುದಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ತೂತು ಆಗಲೇ ಇರುತ್ತದೆ, ಅಲ್ವಾ? ಹಾಗಾಗಿ ಮೊಂಡು ತುದಿಯದೇ ನನಗೆ ಇಷ್ಟ. ಚೂಪಾದ ತುದಿಯ ಕೊನೆಯ ಎರಡು ಮಿಲಿಮೀಟರ್ ಏನನ್ನೂ ಹಿಡಿಯುವುದಿಲ್ಲ, ಸುಮ್ನೆ ಉದ್ದ ತಿನ್ನುತ್ತದೆ. ತೂತು ಆಳವಿಲ್ಲದಿದ್ದರೆ ತಳಕ್ಕೆ ಚುಚ್ಚಿ ಡಬ್ಬಿಯ ಹೊರಗೆ ಬಿಳಿ ಕಲೆ ಬೀಳಿಸುವುದೂ ಉಂಟು. ಸಿಎಸ್‌ಕೆ ತಲೆಯಂತೂ ಮುಚ್ಚಳದಲ್ಲಿ ಅದಕ್ಕೆ ತಕ್ಕ ಇಳಿಜಾರು ಗುಳಿ ಇದ್ದರೆ ಮಾತ್ರ. ಇಲ್ಲದಿದ್ದರೆ ಬೆಣೆಯ ಹಾಗೆ ಒಳನುಗ್ಗಿ ಮುಚ್ಚಳ ಸೀಳುತ್ತದೆ. ಅದರ ಉದ್ದವನ್ನು ತಲೆ ಸೇರಿಸಿ ಅಳೆಯುತ್ತಾರೆ, ಪ್ಯಾನ್ ಹೆಡ್‌ನದು ತಲೆಯ ಕೆಳಗಿನಿಂದ.

ಈಗ ತೂತಿನ ವಿಷಯ. ಎಬಿಎಸ್‌ನಲ್ಲಿ ತೂತಿನ ಅಗಲ ಸ್ಕ್ರೂ ದಪ್ಪದ ಶೇ 80ರ ಆಸುಪಾಸು ಇರಬೇಕು. 2 ನಂಬರಿಗೆ 1.8 ಮಿ.ಮೀ., 4 ನಂಬರಿಗೆ 2.3, 6 ನಂಬರಿಗೆ 2.8. ವರ್ನಿಯರ್ ಅನ್ನುವ ಅಳತೆ ಸಾಧನ ಇಲ್ಲದಿದ್ದರೆ ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಒಂದೊಂದಾಗಿ ತೂರಿಸಿ ನೋಡಿ, ಯಾವುದು ಬಿಗಿಯಾಗಿ ಕೂರುತ್ತದೋ ಅದೇ ಅಳತೆ. ತೂತಿನ ಸುತ್ತ ನಿಂತಿರುವ ಕೊಳವೆಯ ಹೊರ ಅಗಲ ಸ್ಕ್ರೂ ದಪ್ಪದ ಎರಡರಷ್ಟಾದರೂ ಇರಲಿ. ಅದಕ್ಕಿಂತ ಕಡಿಮೆಯಿದ್ದರೆ ಬಿಗಿ ಮಾಡುವಾಗಲೇ ಸೀಳಬಹುದು. ಪಾಲಿಕಾರ್ಬೊನೇಟ್, ಅಕ್ರಿಲಿಕ್ ಆದರೆ ತೂತು ಇನ್ನೂ ಸ್ವಲ್ಪ ದೊಡ್ಡದಿರಲಿ. ಅವು ಆ ದಿನ ಸುಮ್ಮನಿದ್ದು ಆಮೇಲೆ ಬಿರುಕು ಬಿಡುವ ಜಾತಿ.

ಉದ್ದದ ಲೆಕ್ಕ ಸುಲಭ. ಸ್ಕ್ರೂ ದಪ್ಪದ ಎರಡರಿಂದ ಎರಡೂವರೆ ಪಟ್ಟು ಥ್ರೆಡ್ ಪ್ಲಾಸ್ಟಿಕ್ಕಿನೊಳಗೆ ಹಿಡಿಯಬೇಕು. 4 ನಂಬರಿಗೆ ಅದು 6-7 ಮಿ.ಮೀ. ಅದಕ್ಕೆ ಮುಚ್ಚಳದ ದಪ್ಪ ಸೇರಿಸಿ. ಮುಚ್ಚಳ ಎರಡೂವರೆ ಮಿ.ಮೀ. ಇದ್ದರೆ 9.5ರ ಸ್ಕ್ರೂ ಸರಿಯಾಯಿತು. ಚೂಪು ತುದಿಯದಾದರೆ ಆ ಎರಡು ಮಿ.ಮೀ. ಕೂಡಿಸಿ 13ಕ್ಕೆ ಹೋಗಿ, ತೂತಿಗೆ ಅಷ್ಟು ಆಳವಿದೆಯೇ ಅಂತ ಕಡ್ಡಿ ಇಳಿಸಿ ನೋಡಿಕೊಂಡು.

ಇನ್ನು ಯಾವ ಸ್ಟೀಲ್? ಅಂಗಡಿಯಲ್ಲಿ ಬರೀ "ಎಸ್‌ಎಸ್ ಕೊಡಿ" ಅಂದರೆ 202 ಅನ್ನುವ ದರ್ಜೆಯದು ಕೈಗೆ ಬರಬಹುದು. ಅದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ, ಅಗ್ಗ. ಬಯಲುಸೀಮೆಯಲ್ಲಿ, ಮನೆಯೊಳಗೆ, ಪರವಾಗಿಲ್ಲ. ಕರಾವಳಿಯ ತಾರಸಿಗೆ ಬೇಡ. 304 ಅಂದರೂ ಎ2 ಅಂದರೂ ಹೆಚ್ಚುಕಡಿಮೆ ಒಂದೇ. 316 ಮತ್ತು ಎ4 ಇನ್ನೊಂದು ಜೋಡಿ, ಅದರಲ್ಲಿ ಶೇ 2-3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪುಗಾಳಿ ತಡೆಯುತ್ತದೆ. ಮನೆ ಸಮುದ್ರದ ದಂಡೆಯಲ್ಲೇ ಇದ್ದರೆ ಎ4 ಹುಡುಕಿ, ದುಡ್ಡು ಜಾಸ್ತಿಯಾದರೂ ನಾಲ್ಕು ಸ್ಕ್ರೂಗೆ ಎಷ್ಟಾದೀತು? ಊರೊಳಗಾದರೆ 304 ಸಾಕು. ಕಂದು ಕಲೆ ಕೂತರೆ ಒರೆಸಿದರಾಯಿತು, ಅದು ಸಾಮಾನ್ಯವಾಗಿ ಮೇಲ್ಮೈಯದಷ್ಟೇ.

ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. 202 ಕೂಡ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಒಳ್ಳೆಯ 304 ಸ್ಕ್ರೂ ಸ್ವಲ್ಪ ಎಳೆಯಬಹುದು, ಯಾಕೆಂದರೆ ತಣ್ಣಗಿರುವಾಗಲೇ ಒತ್ತಿ ತಲೆ, ಥ್ರೆಡ್ ಮೂಡಿಸುವಾಗ ಲೋಹದ ಒಳರಚನೆ ಬದಲಾಗುತ್ತದೆ. ಟಪ್ ಅಂತ ಬಲವಾಗಿ ಅಂಟಿದರೆ ಮಾತ್ರ ಅದು ಕೋಟಿಂಗ್ ಮಾಡಿದ ಕಬ್ಬಿಣ, ಇಲ್ಲವೇ 410. 410 ಕೂಡ ಸ್ಟೇನ್‌ಲೆಸ್ಸೇ. ಕಾಯಿಸಿ ಗಟ್ಟಿ ಮಾಡಿದ್ದು, ತಗಡು ಕೊರೆಯುವ ಸ್ಕ್ರೂಗಳಿಗೆ ಒಳ್ಳೆಯದು, ಆದರೆ ತುಕ್ಕು ಬೇಗ. ಮ್ಯಾಗ್ನೆಟ್‌ಗಿಂತ ಒಳ್ಳೆಯ ಪರೀಕ್ಷೆ ಬೇಕಿದ್ದರೆ ಒಂದೆರಡು ಸ್ಕ್ರೂಗಳನ್ನು ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿ ಕೆಲವು ದಿನ ಇಟ್ಟು, ತುಕ್ಕು ಬರುತ್ತದೆಯೇ ನೋಡಿ.

304 ಮೆತ್ತಗಿನ ಲೋಹ, ತಲೆ ಬೇಗ ಸವೆಯುತ್ತದೆ. ಅಂಗಡಿಯವರು ಸ್ಟಾರ್ ಅನ್ನುವ ತಲೆಯಲ್ಲೂ ಸೈಜುಗಳಿವೆ: 2 ನಂಬರಿಗೆ ಪಿಎಚ್0, 4 ನಂಬರಿಗೆ ಪಿಎಚ್1, 6 ನಂಬರಿಗೆ ಪಿಎಚ್2. ಕೈಯಲ್ಲೇ ತಿರುಗಿಸಿ, ಡ್ರಿಲ್ ಮೆಷಿನ್ ಬೇಡ. ಹಳೆ ತೂತಿಗೆ ಹಾಕುವಾಗ ಮೊದಲು ಸ್ಕ್ರೂವನ್ನು ಮೆಲ್ಲಗೆ ಉಲ್ಟಾ ತಿರುಗಿಸಿ. ಒಂದು ಕಡೆ "ಟಿಕ್" ಅಂತ ಕೆಳಗಿಳಿಯುತ್ತದೆ. ಅಲ್ಲಿಂದ ಸರಿ ದಿಕ್ಕಿಗೆ ತಿರುಗಿಸಿದರೆ ಹಳೆ ಥ್ರೆಡ್‌ನಲ್ಲೇ ಕೂರುತ್ತದೆ. ಹಾಗೆ ಮಾಡದಿದ್ದರೆ ಪ್ರತಿ ಸಲ ಹೊಸ ಥ್ರೆಡ್ ಕೊರೆದು ತೂತು ಹಾಳಾಗುತ್ತದೆ. ಸಡಿಲವಾಗದಿರಲಿ ಅಂತ ಥ್ರೆಡ್ ಲಾಕರ್ (ಸ್ಕ್ರೂ ಕಚ್ಚಿಸುವ ಅಂಟು) ಹಾಕಬೇಡಿ, ಎಬಿಎಸ್ ಮತ್ತು ಪಾಲಿಕಾರ್ಬೊನೇಟ್ ಎರಡನ್ನೂ ಅದು ಒಡೆಯುತ್ತದೆ.

ತುಕ್ಕು ಹಿಡಿದು ಕಚ್ಚಿಕೊಂಡವು ಬರದಿದ್ದರೆ ಸೋಲ್ಡರಿಂಗ್ ಐರನ್‌ನ ತುದಿಯನ್ನು ತಲೆಯ ಮೇಲೆ ಕೆಲವು ಸೆಕೆಂಡ್ ಇಡಿ. ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಹಾಗೆ ತೆಗೆದ ತೂತು ಅಗಲವಾಗಿದ್ದರೆ ಒಂದು ಸೈಜ್ ಮೇಲಿನದು ಹಾಕಬಹುದು, ಆ ಕೊಳವೆಯ ಗೋಡೆ ತಡೆಯುವ ಹಾಗಿದ್ದರೆ. ಬ್ಯಾಟರಿ ಬದಲಿಸಲು ಪದೇ ಪದೇ ಬಿಚ್ಚುವ ಡಬ್ಬಿಯಾದರೆ ಮಾತ್ರ ಸೆಲ್ಫ್ ಟ್ಯಾಪಿಂಗ್ ಬಿಟ್ಟುಬಿಡಿ. ಹಿತ್ತಾಳೆಯ ಇನ್ಸರ್ಟ್ (ಒಳಗೆ ಥ್ರೆಡ್ ಇರುವ ಪುಟ್ಟ ಕೊಳವೆ) ಅನ್ನು ಅದೇ ಐರನ್‌ನಿಂದ ಕಾಯಿಸಿ ತೂತಿಗೆ ಒತ್ತಿ ಕೂರಿಸಿ, ಮಾಮೂಲಿ ಎಂ3 ಎಸ್‌ಎಸ್ ಸ್ಕ್ರೂ ಹಾಕಿ. ಬೆಂಗಳೂರಿಗೆ ಬಂದಾಗ ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆಯಾದ ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿ, ಹಳೆ ಸ್ಕ್ರೂ ಒಂದು ಜೇಬಿನಲ್ಲಿರಲಿ.