200 ಎಂಬಿಪಿಎಸ್ ಪ್ಲಾನ್, ಮೊಬೈಲ್‌ನಲ್ಲಿ 35 ಮಾತ್ರ. ಕಂಪನಿಯವರು ಮೋಸ ಮಾಡ್ತಿದ್ದಾರಾ?

ಮೊಬೈಲ್ ನೋಡಿ ಅದನ್ನ ಹೇಳೋಕಾಗಲ್ಲ. ರೂಟರ್ ಹಾಲ್‌ನಲ್ಲಿ ಟಿವಿ ಶೋಕೇಸ್ ಒಳಗಿದೆ, ಎರಡು ಗೋಡೆ ಆಚೆ ರೂಮಲ್ಲಿ ಕೂತು ಟೆಸ್ಟ್ ಮಾಡಿದರೆ 35 ಬರುತ್ತೆ, 300 ಎಂಬಿಪಿಎಸ್ ಪ್ಲಾನ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ದುಡ್ಡು ಕಟ್ಟಬೇಡಿ. ನೀವು ಅಳೆದಿರೋದು ವೈಫೈನ, ಲೈನನ್ನಲ್ಲ. ನಾನು ಕೇಬಲಿಂಗ್ ಕೆಲಸ ಮಾಡೋನು, ನನಗೆ ಬರೋ ಅರ್ಧಕ್ಕರ್ಧ ಕಂಪ್ಲೇಂಟು ಇದೇ.

ಲ್ಯಾಪ್‌ಟಾಪನ್ನ ಲ್ಯಾನ್ ಕೇಬಲ್‌ನಲ್ಲಿ ನೇರ ರೂಟರ್‌ಗೆ ಹಾಕಿ, ಮನೆಯ ಫೋನು, ಟಿವಿ ಎಲ್ಲದರ ವೈಫೈ ಆಫ್ ಮಾಡಿಸಿ ಟೆಸ್ಟ್ ಮಾಡಿ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂಬತ್ತರ ಮೇಲೆ ಒಂದು ಸಲ. ಎರಡೂ ಹೊತ್ತು 200ರ ಆಸುಪಾಸು ಬಂದರೆ ಕಂಪನಿಯವರದ್ದೇನೂ ತಪ್ಪಿಲ್ಲ. ರಾತ್ರಿ ಮಾತ್ರ ಕುಸಿದರೆ ಅವರ ಕಡೆ ದಟ್ಟಣೆ. ಮನೆಗೆ ಬರೋ ಫೈಬರ್ ನಿಮಗೊಬ್ಬರಿಗೇ ಅಲ್ಲ. ಮನೆಗಳಿಗೆ ಫೈಬರ್ ಕೊಡೋ ಜಿಪಾನ್ ಅನ್ನೋ ವ್ಯವಸ್ಥೆಯಲ್ಲಿ ಒಂದೇ ಎಳೆಯ ಸುಮಾರು 2.5 ಜಿಬಿಪಿಎಸ್ಸನ್ನ, ಅಂದರೆ 2500 ಎಂಬಿಪಿಎಸ್ಸನ್ನ, 32 ಅಥವಾ 64 ಮನೆಗಳಿಗೆ ಹಂಚೋದು ಸಾಮಾನ್ಯ.

ಎಷ್ಟು ಸಲ ಮಾಡಿದರೂ 94, 95ರಲ್ಲೇ ನಿಂತುಬಿಟ್ಟರೆ ಕೇಬಲ್ ಮೇಲೆ ಅನುಮಾನ ಪಡಿ. ಗಿಗಾಬಿಟ್ ಲಿಂಕ್‌ಗೆ, ಅಂದರೆ 1000 ಎಂಬಿಪಿಎಸ್‌ವರೆಗಿನ ವೇಗಕ್ಕೆ, ಒಳಗಿನ ಎಂಟೂ ತಂತಿ ಬೇಕು. 100ಕ್ಕೆ ಬೇಕಾದ ನಾಲ್ಕನ್ನೇ ತುದಿಗೆ ಕ್ರಿಂಪ್ ಮಾಡಿ ಕೂರಿಸಿದ್ದರೆ, ಅಥವಾ ಉಳಿದ ನಾಲ್ಕರಲ್ಲಿ ಒಂದು ಬಿಟ್ಟುಕೊಂಡಿದ್ದರೆ ಲಿಂಕ್ 100ಕ್ಕೆ ಇಳಿಯುತ್ತೆ, ನೆಟ್ ಮಾತ್ರ ನಿಲ್ಲಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಕೇಬಲ್ ತುದಿಯ ಪ್ಲಗ್ಗು, ಆರ್‌ಜೆ45, ಸಾಮಾನ್ಯವಾಗಿ ಪಾರದರ್ಶಕ ಪ್ಲಾಸ್ಟಿಕ್, ಬೆಳಕಿಗೆ ಹಿಡಿದರೆ ಬಣ್ಣದ ತಂತಿಗಳನ್ನ ಎಣಿಸಬಹುದು. ಎಂಟೂ ಇದ್ದರೆ ರೂಟರ್ ಅಥವಾ ಲ್ಯಾಪ್‌ಟಾಪಿನ ಪೋರ್ಟೇ 100ರದ್ದಿರಬೇಕು. ಕಡಿಮೆ ಬೆಲೆಯ ರೂಟರ್‌ಗಳಲ್ಲಿ ಇದು ಈಗಲೂ ಉಂಟು.

ಕೇಬಲ್‌ನಲ್ಲಿ ಸರಿಯಾಗಿ ಬಂತು ಅಂದುಕೊಳ್ಳಿ. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅನ್ನೋ ಎರಡು ಬ್ಯಾಂಡ್‌ನಲ್ಲಿ ಓಡುತ್ತೆ. ಹಾಗಾದರೆ ಆ 35 ನನಗೆ 2.4 ಗಿಗಾಹರ್ಟ್ಸ್ ಥರ ಕಾಣುತ್ತೆ. ಗೋಡೆ ದಾಟೋದರಲ್ಲಿ ಅದು ಗಟ್ಟಿ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತು, ಮೈಕ್ರೋವೇವ್ ಓವನ್ನು ಎಲ್ಲ ಅದರಲ್ಲೇ ನುಗ್ಗುತ್ತವೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಸಿಕ್ಕರೆ ಬೇಗ ಸೋಲುತ್ತೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಫೋನನ್ನ 5ಕ್ಕೆ ಸೇರಿಸಿ ನೋಡಿ. ಸಿಗ್ನಲ್ ಕಡ್ಡಿ ಪೂರ್ತಿ ಇದೆ ಅಂತ ನಂಬಬೇಡಿ, ಅದಕ್ಕೂ ವೇಗಕ್ಕೂ ನೇರ ಸಂಬಂಧ ಇಲ್ಲ.

ಆಮೇಲೆ ಆ ಶೋಕೇಸಿಂದ ರೂಟರನ್ನ ಹೊರಗೆ ತೆಗೀರಿ. ಕನ್ನಡಿ, ಕಬ್ಬಿಣದ ಬೀರು, ಮೀನಿನ ತೊಟ್ಟಿ, ಕಾಂಕ್ರೀಟ್ ಗೋಡೆ, ಎಲ್ಲ ಸಿಗ್ನಲ್ ತಿನ್ನೋವೇ. ಕನೆಕ್ಷನ್ ಕೊಡೋ ಹುಡುಗ ತನ್ನ ವೈರು ಎಲ್ಲಿಗೆ ಸಾಕಾಯ್ತೋ ಅಲ್ಲೇ ಬಾಕ್ಸ್ ಇಟ್ಟು ಹೋಗಿರ್ತಾನೆ. ಮನೆ ಮಧ್ಯಕ್ಕೆ, ತಲೆಯೆತ್ತರಕ್ಕೆ ತರೋದು ನಮ್ಮ ಕೆಲಸ. ಆಗಲ್ಲ ಅಂದರೆ ಆ ಬಾಕ್ಸಿಂದ ರೂಮಿಗೆ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಮನೇಲಿ ಹಳೇ ರೂಟರ್ ಇದ್ದರೆ ಅದನ್ನೇ ಆ ರೂಮಿಗೆ ವೈಫೈ ಕೊಡೋ ಆಕ್ಸೆಸ್ ಪಾಯಿಂಟ್ ಮಾಡಿ ಇಡಿ. ಗೋಡೆಗೆ ಚುಚ್ಚೋ ಅಗ್ಗದ ಎಕ್ಸ್‌ಟೆಂಡರ್ ಬೇಡ, ಒಂದೇ ಚಾನೆಲ್‌ನಲ್ಲಿ ಕೇಳಿ ಅದರಲ್ಲೇ ತಿರುಗಿ ಹೇಳಬೇಕಾಗಿ ವೇಗ ಅರ್ಧ ಆಗುತ್ತೆ.

ಡೌನ್‌ಲೋಡ್‌ನಲ್ಲಿ 25 ಕಾಣುತ್ತೆ ಅಂತಲೂ ಬರೆದಿದ್ದೀರಿ. ಅದು ಸೆಕೆಂಡಿಗೆ ಮೆಗಾಬೈಟ್, ಪ್ಲಾನ್‌ನ 200 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ 200 ಭಾಗಿಸು 8. ಆ ಹೊತ್ತಲ್ಲಿ ನಿಮಗೆ ಪೂರ್ತಿ 200 ಸಿಕ್ಕಿದೆ! 4ಕೆ ವಿಡಿಯೋಗೆ ನೆಟ್‌ಫ್ಲಿಕ್ಸ್ ಕೇಳೋದೇ 15 ಎಂಬಿಪಿಎಸ್.

ಕೇಬಲ್ ಹಾಕಿದ ಮೇಲೂ ಕಡಿಮೆಯೇ ಬಂದರೆ ಮೊದಲು ಡೇಟಾ ಮಿತಿ ಮುಗಿದಿದೆಯಾ ನೋಡಿ, ಎಫ್‌ಯುಪಿ ಅನ್ನೋ ಆ ಮಿತಿ ದಾಟಿದರೆ ಅವರೇ ವೇಗ ಇಳಿಸ್ತಾರೆ. ರೂಟರ್ ಪೇಜ್‌ನಲ್ಲಿ ಆರ್‌ಎಕ್ಸ್ ಪವರ್ (ಫೈಬರ್‌ನಲ್ಲಿ ಬಂದು ಮುಟ್ಟೋ ಬೆಳಕಿನ ಬಲ) ಮೈನಸ್ 27 ಡಿಬಿಎಂಗಿಂತ ಕೆಳಗೆ, ಅಂದರೆ ಮೈನಸ್ 28, 30 ಹೀಗಿದ್ದರೆ ಬೆಳಕೇ ಸಾಲ್ತಿಲ್ಲ; ಬೀರು ಹಿಂದೆ ಫೈಬರ್ ಮಡಚಿ ಸಿಕ್ಕಿಕೊಂಡಿರಬಹುದು. ಆ ಪೇಜು, ಎರಡು ಹೊತ್ತಿನ ಟೆಸ್ಟು, ಮೂರರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಫೋನ್ ಮಾಡಿ, ಅವರು ಕೊಡೋ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬರೆದುಕೊಳ್ಳಿ. ಕೆಲಸ ಆಗದಿದ್ದರೆ ಅದೇ ನಂಬರ್ ಹಾಕಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೀಬಹುದು, ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ.