ಸೋಲಾರ್ ತಾನಾಗಿಯೇ ಅಗ್ಗವಾಗಲಿಲ್ಲ

ಓದುಗರೊಬ್ಬರ ಪತ್ರ: "ಪರಿಸರ ಕಾನೂನುಗಳು ಒಂದರ ಮೇಲೊಂದು ಬರುತ್ತಲೇ ಇವೆ, ಹೊಗೆ ಮಾತ್ರ ಹೋಗಿಲ್ಲ. ಈಗ ಸೋಲಾರ್ ಅಗ್ಗವಾಗಿದೆ, ಕಲ್ಲಿದ್ದಲು ತಾನಾಗಿಯೇ ಮೂಲೆ ಸೇರುತ್ತದೆ. ಹವಾಮಾನದ ವಿಷಯಕ್ಕೆ ಜಡ್ಜುಗಳು ಯಾಕೆ ಕೈಹಾಕಬೇಕು? ಅದನ್ನು ವಿಜ್ಞಾನಿಗಳಿಗೆ, ಮಾರುಕಟ್ಟೆಗೆ ಬಿಡಬಾರದೇ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ: ಸೋಲಾರ್ ಬೆಲೆ ಇಳಿದದ್ದರಲ್ಲಿ ಎಂಜಿನಿಯರುಗಳ ಪಾಲು, ವ್ಯಾಪಾರದ ಪಾಲು ದೊಡ್ಡದೇ. ಆದರೆ ಆ ಇಳಿಕೆ ಶುರುವಾದದ್ದು ಹೇಗೆ ಅಂತ ನೀವು ಕೇಳಿಕೊಂಡೇ ಇಲ್ಲ. 2000ದಲ್ಲಿ ಜರ್ಮನಿ ಒಂದು ಕಾನೂನು ತಂದಿತು. ಬಿಸಿಲಿನಿಂದಲೋ ಗಾಳಿಯಿಂದಲೋ ಯಾರೇ ಕರೆಂಟು ತಯಾರಿಸಲಿ, ಗ್ರಿಡ್‌ನವರು ಅದನ್ನು ಮೊದಲು ಕೊಳ್ಳಲೇಬೇಕು, ನಿಗದಿಯಾದ ದರವನ್ನು 20 ವರ್ಷ ಕೊಡಲೇಬೇಕು. ಪ್ಯಾನೆಲ್ ಆಗ ಬಲು ದುಬಾರಿ. ಆದರೂ ದರ ಖಾತ್ರಿ ಇದ್ದದ್ದರಿಂದ ಮನೆಯವರು, ರೈತರು ಧೈರ್ಯ ಮಾಡಿ ಹಾಕಿಸಿದರು. ಬೇಡಿಕೆ ಹುಟ್ಟಿತು, ಕಾರ್ಖಾನೆಗಳು ಎದ್ದವು, ಚೀನಾ ಭಾರೀ ಪ್ರಮಾಣದಲ್ಲಿ ತಯಾರಿಕೆಗೆ ಇಳಿಯಿತು, ಬೆಲೆ ಬಿತ್ತು. ನೀವು ಮಾರುಕಟ್ಟೆ ಅನ್ನುವುದರ ಬುಡದಲ್ಲಿ ಕಾನೂನಿದೆ.

ಇನ್ನು ಹೊಗೆ ಹೋಗಿಲ್ಲ ಅನ್ನುವ ಮಾತು. 1952ರ ಡಿಸೆಂಬರ್‌ನಲ್ಲಿ ಲಂಡನ್ ನಗರದ ಮೇಲೆ ಐದು ದಿನ ಕಲ್ಲಿದ್ದಲ ಹೊಗೆ ಕವಿದಿತ್ತು. ಬಸ್ಸಿನ ಮುಂದೆ ಕಂಡಕ್ಟರ್ ಟಾರ್ಚ್ ಹಿಡಿದು ನಡೆಯಬೇಕಾಗಿತ್ತು. ರಂಗಮಂದಿರದ ಒಳಕ್ಕೂ ಹೊಗೆ ನುಗ್ಗಿ, ವೇದಿಕೆ ಕಾಣದೆ ಪ್ರದರ್ಶನ ಅರ್ಧಕ್ಕೇ ನಿಂತಿತು. ಸತ್ತವರು ಸುಮಾರು 4,000 ಎಂದು ಆಗ ಲೆಕ್ಕ ಹಾಕಿದರು, ನಂತರದ ಅಧ್ಯಯನಗಳು ಅದನ್ನು 12,000ದವರೆಗೆ ಒಯ್ದವು. 1956ರಲ್ಲಿ ಕಾನೂನು ಬಂತು. ಗೊತ್ತುಮಾಡಿದ ಬಡಾವಣೆಗಳಲ್ಲಿ ಹೊಗೆ ಬರುವ ಇಂಧನ ಸುಡುವಂತಿಲ್ಲ ಅಂದಿತು. ನನಗೆ ಮೆಚ್ಚುಗೆಯಾಗುವುದು ಅದರ ಇನ್ನೊಂದು ಅಂಶ: ಹಳೆಯ ಒಲೆ ಬದಲಿಸುವ ಮನೆಯವರಿಗೆ ಖರ್ಚಿನ ಬಹುಪಾಲು ವಾಪಸ್ ಕೊಡುವ ಏರ್ಪಾಡೂ ಅದರಲ್ಲೇ ಇತ್ತು. ಬರೀ ಬೈದು ಬಿಡಲಿಲ್ಲ, ಕೈಗೆ ದುಡ್ಡೂ ಕೊಟ್ಟಿತು.

ಆದರೆ ಅಲ್ಲೇ ನನ್ನ ಹಳೆಯ ಸಿಟ್ಟೂ ಶುರುವಾಗುತ್ತದೆ. ಊರಿನ ಹೊಗೆ ಕಡಿಮೆಯಾಗಲಿ ಅಂತ ವಿದ್ಯುತ್ ಸ್ಥಾವರಗಳ ಚಿಮಣಿಗಳನ್ನು ಎತ್ತರ ಮಾಡುತ್ತಾ ಹೋದರು. ಪಕ್ಕದ ಮನೆಯವರ ಕೆಮ್ಮು ನಿಂತಿತು, ಗಂಧಕ ಮಾತ್ರ ಗಾಳಿಯಲ್ಲಿ ಸಮುದ್ರ ದಾಟಿ ನಾರ್ವೆ, ಸ್ವೀಡನ್‌ಗಳಲ್ಲಿ ಆಮ್ಲ ಮಳೆಯಾಗಿ ಸುರಿಯಿತು. ಅಲ್ಲಿನ ಸಾವಿರಾರು ಕೆರೆಗಳಲ್ಲಿ ಮೀನೇ ಇಲ್ಲದಂತಾಯಿತು. ಅದಕ್ಕೆ 1979ರಲ್ಲಿ ಜಿನೀವಾದಲ್ಲಿ ಬೇರೆಯೇ ಒಪ್ಪಂದ ಮಾಡಬೇಕಾಯಿತು. ಒಂದೇ ಚಿಮಣಿ ನೋಡಿ, ಅದರ ಮಸಿ ಮಾಲಿನ್ಯದ ಫೈಲಿಗೆ, ಅದರ ಕರೆಂಟು ಇಂಧನ ಇಲಾಖೆಗೆ, ಅದರ ಇಂಗಾಲದ ಡೈಆಕ್ಸೈಡ್ ಹವಾಮಾನದ ಸಮ್ಮೇಳನಕ್ಕೆ. ಒಬ್ಬರು ಫಿಲ್ಟರ್ ಹಾಕು ಅಂತಾರೆ, ಇನ್ನೊಬ್ಬರು ಅದೇ ಸ್ಥಾವರಕ್ಕೆ ಸಬ್ಸಿಡಿ ಕೊಡುತ್ತಾರೆ, ಮೂರನೆಯವರು 2050ರೊಳಗೆ ಇಂಗಾಲ ಇಳಿಸುವ ಗುರಿ ಘೋಷಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಮೆರಿಕದಲ್ಲಂತೂ ಇಂಗಾಲದ ಡೈಆಕ್ಸೈಡ್ ವಾಯುಮಾಲಿನ್ಯದ ಕಾನೂನಿನೊಳಗೆ ಬರುತ್ತದೆ ಅಂತ ಹೇಳಲು 2007ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು, ಅದೂ ಐದಕ್ಕೆ ನಾಲ್ಕು ಮತಗಳಿಂದ. ಆ ಕಾನೂನು ಬಂದದ್ದು 1970ರಲ್ಲಿ! ಅದು ಹೊಸ ಸ್ಥಾವರಗಳಿಗೆ ಬಿಗಿ ನಿಯಮ ಹಾಕಿ ಹಳೆಯವಕ್ಕೆ ಸಡಿಲ ಬಿಟ್ಟಿತ್ತು. ಆಗೇನಾಯಿತು? ಹಳೆಯವನ್ನೇ ತೇಪೆ ಹಾಕಿ ದಶಕಗಟ್ಟಲೆ ಓಡಿಸಿದರು. ದಂಡದ ಕಥೆಯೂ ಇಷ್ಟೇ. ಮಾಲಿನ್ಯ ಮಾಡಿ ಉಳಿಸುವ ದುಡ್ಡಿಗಿಂತ ದಂಡ ಕಡಿಮೆ ಇದ್ದರೆ, ಅದು ಬರೀ ಇನ್ನೊಂದು ಖರ್ಚು ಅಷ್ಟೇ.

ಮಾಲಿನ್ಯ, ಇಂಧನ, ಹವಾಮಾನ ಈ ಮೂರನ್ನೂ ಒಟ್ಟಿಗೆ ಹಿಡಿದರೆ ಏನಾಗುತ್ತದೆ ಅನ್ನುವುದಕ್ಕೂ ಬ್ರಿಟನ್ನೇ ಉದಾಹರಣೆ. 2008ರಲ್ಲಿ ಐದೈದು ವರ್ಷಕ್ಕೆ ಇಷ್ಟೇ ಇಂಗಾಲ ಅನ್ನುವ ಬಜೆಟ್ಟನ್ನು ಕಾನೂನಿಗೇ ಸೇರಿಸಿತು, ಆಮೇಲೆ ಕಲ್ಲಿದ್ದಲ ಕರೆಂಟಿನ ಮೇಲೆ ಇಂಗಾಲದ ಸುಂಕ ಹಾಕಿತು. 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು 40% ಕಲ್ಲಿದ್ದಲಿನದು. 2024ರ ಸೆಪ್ಟೆಂಬರ್ 30ಕ್ಕೆ ಕೊನೆಯ ಸ್ಥಾವರವೂ ಮುಚ್ಚಿತು.

ಜಡ್ಜುಗಳು ಯಾಕೆ ಅಂತ ಕೇಳಿದ್ದೀರಿ. ಈ ಪ್ರಶ್ನೆಗೇ ಕಾದಿದ್ದೆ ಅನ್ನಬೇಕು. 2015ರಲ್ಲಿ ಪಾಕಿಸ್ತಾನದ ಒಬ್ಬ ರೈತ ಲಾಹೋರ್ ಹೈಕೋರ್ಟಿಗೆ ಹೋದರು. ಹೊಸ ಕಾನೂನೇನೂ ಕೇಳಲಿಲ್ಲ. ಸರ್ಕಾರವೇ 2012ರಲ್ಲಿ ಹವಾಮಾನ ನೀತಿ ಬರೆದಿದೆ, ಅದನ್ನು ಜಾರಿ ಮಾಡಿ, ಇಷ್ಟೇ ಕೇಳಿದ್ದು. ಕೋರ್ಟು ಅಧಿಕಾರಿಗಳನ್ನು ಕರೆಸಿ ಕೇಳಿತು, ಏನೂ ಆಗಿಲ್ಲ ಅಂತ ಗೊತ್ತಾಯಿತು, ಜಾರಿಯ ಮೇಲೆ ಕಣ್ಣಿಡಲು ಆಯೋಗ ನೇಮಿಸಿತು. ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟು 2019ರಲ್ಲಿ, 1990ಕ್ಕೆ ಹೋಲಿಸಿದರೆ 2020ರ ಕೊನೆಗೆ ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಕನಿಷ್ಠ 25% ಕಡಿತ ಆಗಲೇಬೇಕು ಎಂದು ತೀರ್ಪು ಕೊಟ್ಟಿತು. ಸ್ವಿಟ್ಜರ್ಲೆಂಡಿನ ಅಜ್ಜಿಯರು, ಹೌದು, ಸರಾಸರಿ ವಯಸ್ಸು 70 ದಾಟಿದ ಎರಡು ಸಾವಿರಕ್ಕೂ ಜಾಸ್ತಿ ಹೆಂಗಸರ ಸಂಘ, ಬಿಸಿಗಾಳಿಗೆ ವಯಸ್ಸಾದ ಹೆಂಗಸರೇ ಹೆಚ್ಚು ಬಲಿಯಾಗುತ್ತಾರೆ ಅಂತ ವಾದಿಸಿ 2024ರ ಏಪ್ರಿಲ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ತಮ್ಮ ಸರ್ಕಾರದ ವಿರುದ್ಧ ಗೆದ್ದಿತು. ಇವರ‍್ಯಾರೂ ವಿಜ್ಞಾನಿಗಳ ಕೆಲಸ ಕಿತ್ತುಕೊಳ್ಳಲಿಲ್ಲ. ವಿಜ್ಞಾನಿಗಳು ಹೇಳಿದ್ದನ್ನು ಕೇಳಿಸಿಕೊಳ್ಳದೆ ಕೂತವರನ್ನು ಎಬ್ಬಿಸಿದರು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಐರ್ಲೆಂಡಿನ ತೀರ್ಪು, 2020ರದ್ದು. ಅಲ್ಲಿನ ಸರ್ಕಾರದ ಹವಾಮಾನ ಯೋಜನೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿತು. ಕಾರಣ, ಅದರಲ್ಲಿ ಸ್ಪಷ್ಟತೆ ಇರಲಿಲ್ಲ. ಆಸಕ್ತಿ ಇರುವ ಒಬ್ಬ ಸಾಮಾನ್ಯ ಮನುಷ್ಯ ಆ ಯೋಜನೆ ಓದಿದರೆ ಇದು ಸರಿಯೋ ತಪ್ಪೋ ಅಂತ ತೀರ್ಮಾನಿಸುವಷ್ಟಾದರೂ ವಿವರ ಇರಬೇಕು ಎಂದಿತು. ಅಂದರೆ ನಿಮ್ಮಂಥ ಓದುಗರ ಪರವಾಗಿ ಬಂದ ತೀರ್ಪು ಅದು. ಮಾರನೇ ವರ್ಷ ತಿದ್ದಿದ ಕಾನೂನಿನಲ್ಲಿ ಬರೀ ಆಶಯ ಇರಲಿಲ್ಲ, ಲೆಕ್ಕ ಕೇಳಬಹುದಾದ ಸಂಖ್ಯೆ ಇತ್ತು: 2018ರ ಮಟ್ಟದಿಂದ 2030ರ ಹೊತ್ತಿಗೆ ಅದೇ ಅನಿಲಗಳಲ್ಲಿ 51% ಕಡಿತ.