ಎರಡನೇ ಸಲ ನೀರಿಗಿಳಿಯಬೇಕೆ?

ಗಂಗಾವತಿ ಹತ್ತಿರದ ಕ್ಯಾಂಪೊಂದರಿಂದ ಸಹೋದರಿಯೊಬ್ಬರು ಬರೆದಿದ್ದಾರೆ. ಹೆಸರು ಬೇಡವೆಂದಿದ್ದಾರೆ. ಪತ್ರದ ಸಾರ ಇಷ್ಟು: ‘ಬಳ್ಳಾರಿಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆತನದವಳು ನಾನು. ಕೂಸಿದ್ದಾಗಲೇ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿದೆ. ಮದುವೆಯಾದ ಮೇಲೆ ಗಂಡನ ಮನೆಯವರ ಪೆಂಟೆಕೋಸ್ಟಲ್ ಸಭೆಗೆ ಹೋಗುತ್ತೇನೆ. ನಿನ್ನದು ಸ್ನಾನವೇ ಅಲ್ಲ, ಕಾಲುವೆಯಲ್ಲಿ ಮುಳುಗಿ ಎದ್ದರೆ ಮಾತ್ರ ಕರ್ತನ ಭೋಜನ (ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡುತ್ತೇವೆ ಅನ್ನುತ್ತಾರೆ. ಇದನ್ನು ಕೇಳಿ ಅಪ್ಪ ನೊಂದಿದ್ದಾರೆ. ನಾನೀಗ ಬಸುರಿ. ಹುಟ್ಟುವ ಮಗುವಿಗೇನು ಮಾಡಲಿ? ಯಾರು ಸರಿ?’

ಸಹೋದರಿ,

ನಿಮ್ಮ ಸ್ನಾನವನ್ನು ಸ್ನಾನವೆಂದೇ ಒಪ್ಪುವ ಕ್ರೈಸ್ತರು ಲೋಕದಲ್ಲಿ ಹೆಚ್ಚು. ನೀವು ಕ್ಯಾಥೊಲಿಕ್ ಚರ್ಚಿಗೆ ಸೇರಬಯಸಿದ್ದರೆ ಫಾದರ್ ನಿಮ್ಮ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳುತ್ತಿದ್ದರು, ಮತ್ತೆ ನೀರು ಹಾಕುತ್ತಿರಲಿಲ್ಲ. ಮೆಥಡಿಸ್ಟರೂ ಲುಥೆರನರೂ ಹಾಗೆಯೇ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಸಾಕು. ಇದೇನು ಹೊಸ ಜಗಳವಲ್ಲ. ಒಡೆದುಹೋದ ಸಭೆಗಳಲ್ಲಿ ಸ್ನಾನವಾದವರಿಗೆ ಮತ್ತೆ ಕೊಡಬೇಕೆಂದು 3ನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಪಟ್ಟು ಹಿಡಿದಿದ್ದರು. ರೋಮಿನ ಬಿಷಪ್ ಸ್ಟೀಫನ್ ಒಪ್ಪಲಿಲ್ಲ. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್ಸ್‌ನಲ್ಲಿ ಕೂಡಿದ ಬಿಷಪರು, ಮತ್ತೆ ಸ್ನಾನ ಕೊಡದ ರೋಮಿನ ಪದ್ಧತಿಯನ್ನೇ ಎತ್ತಿಹಿಡಿದರು.

ಹಾಗಂತ ನಿಮ್ಮ ಗಂಡನ ಸಭೆಯವರನ್ನು ಬರೀ ಹಟಮಾರಿಗಳು ಅಂದುಕೊಳ್ಳಬೇಡಿ. ನೀರು ಚೊಂಬಿನಷ್ಟೋ ಕಾಲುವೆಯಷ್ಟೋ ಎಂಬುದು ಮೇಲಿನ ಮಾತು. ಆರ್ಥೊಡಾಕ್ಸ್ ಸಭೆಗಳಲ್ಲಿ ಕೂಸನ್ನೇ ಮೂರು ಸಲ ಮುಳುಗಿಸುತ್ತಾರೆ, ಆಗಲೇ ತೈಲ ಹಚ್ಚಿ ಕರ್ತನ ಭೋಜನವನ್ನೂ ಕೊಡುತ್ತಾರೆ. ಅಷ್ಟು ಮುಳುಗಿಸಿದರೂ ನಿಮ್ಮ ಪಾಸ್ಟರ್ ಅದನ್ನು ಒಪ್ಪಲಿಕ್ಕಿಲ್ಲ. ಯಾಕೆಂದರೆ ಸ್ನಾನದಲ್ಲಿ ಮೊದಲು ಮಾತಾಡುವವರು ಯಾರು ಎಂಬುದೇ ನಿಜವಾದ ಪ್ರಶ್ನೆ. ದೇವರು ಮೊದಲು ಕರೆಯುತ್ತಾನೆ, ಮನುಷ್ಯ ಆಮೇಲೆ ಓಗೊಡುತ್ತಾನೆ ಅನ್ನುವವರಿಗೆ ಮಾತು ಬಾರದ ಕೂಸಿಗೂ ಸ್ನಾನ ಸಲ್ಲುತ್ತದೆ. ದೊಡ್ಡದಾದ ಮೇಲೆ ದೃಢೀಕರಣದಲ್ಲಿ ಅದು ತನ್ನ ಬಾಯಿಂದ ಹೂಂ ಅನ್ನುತ್ತದೆ. ನಂಬಿದವನು ಸಭೆಯ ಮುಂದೆ ಸಾಕ್ಷಿ ಹೇಳುವುದೇ ಸ್ನಾನ ಅನ್ನುವವರಿಗೆ, ನಂಬಿಕೆಗೆ ಮೊದಲು ಬಿದ್ದ ನೀರು ಲೆಕ್ಕಕ್ಕಿಲ್ಲ. ಕ್ರಿಸ್ತನೊಂದಿಗೆ ಹೂಣಲ್ಪಟ್ಟು ಎದ್ದೆವು ಎಂಬ ರೋಮಾಪುರದವರ ಪತ್ರದ 6ನೇ ಅಧ್ಯಾಯ ಅವರಿಗೆ ಆಧಾರ. ಅಪೊಸ್ತಲರ ಕೃತ್ಯಗಳು 16ರಲ್ಲಿ ಸೆರೆಮನೆಯ ಅಧಿಕಾರಿಯ ಮನೆಯವರೆಲ್ಲರಿಗೂ ಸ್ನಾನವಾಯಿತು ಎಂಬುದು ಕೂಸಿಗೆ ಸ್ನಾನ ಕೊಡುವ ನಮಗೆ ಆಧಾರ. ಆ ಮನೆಯಲ್ಲಿ ಕೂಸುಗಳಿದ್ದವೇ? ವಾಕ್ಯ ಅದನ್ನು ಹೇಳುವುದಿಲ್ಲ.

ಈ ನಂಬಿಕೆಗೆ ಅವರ ಕಡೆಯವರು ಜೀವ ತೆತ್ತಿದ್ದಾರೆ. 1525ರಲ್ಲಿ ಜ್ಯೂರಿಕ್‌ನಲ್ಲಿ ದೊಡ್ಡವರಾದ ಮೇಲೆ ಸ್ನಾನ ಮಾಡಿಸಿಕೊಂಡ ಗುಂಪಿನ ಫೆಲಿಕ್ಸ್ ಮಾಂಟ್ಸ್‌ರನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ಕೂಸಿನ ಸ್ನಾನದ ಪಕ್ಷದವರು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಕಾಲದಿಂದ ಕೂಸುಗಳನ್ನು ಸ್ನಾನಕ್ಕೆ ಎತ್ತಿಕೊಂಡು ಬಂದಿರುವ ನಾವು ಇದನ್ನು ಮರೆಯಬಾರದು.

ನಾನು ಕೂಸಿನ ಸ್ನಾನವನ್ನು ನಂಬುವವನು. ಆದ್ದರಿಂದ ನಿಮಗೆ ಎರಡನೆಯದು ಬೇಕಿಲ್ಲ ಎಂದೇ ಹೇಳುತ್ತೇನೆ. ಎರಡು ಪದ್ಧತಿಯವರೂ ಕೂಡಿ ಬಾಳಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ: ಹಲವು ಸಭೆಗಳು ಸೇರಿ 1970ರಲ್ಲಿ ಒಂದಾದ ಉತ್ತರ ಭಾರತ ಸಭೆಯಲ್ಲಿ (ಸಿಎನ್‌ಐ) ಕೂಸಿನ ಸ್ನಾನಕ್ಕೂ ನಂಬಿದವರ ಸ್ನಾನಕ್ಕೂ ಜಾಗವಿದೆ. ನಿಮಗೆ ದೃಢೀಕರಣವಾಗಿದ್ದರೆ, ಅಂದು ಕೊಟ್ಟ ಸಾಕ್ಷಿಯನ್ನು ಒಪ್ಪುವಿರಾ ಎಂದು ಪಾಸ್ಟರನ್ನು ಗಂಡನ ಎದುರಿನಲ್ಲೇ ಕೇಳಿ. ಒಪ್ಪದಿದ್ದರೆ, ಭೋಜನ ಸಿಗಲಿ, ಅತ್ತೆಯ ಮುನಿಸು ಇಳಿಯಲಿ ಎಂದು ಮಾತ್ರ ಮುಳುಗಬೇಡಿ. ಓದಿ, ಪ್ರಾರ್ಥಿಸಿ, ನಿಮ್ಮ ಮನಸ್ಸಾಕ್ಷಿಯೇ ಬೇಕು ಅಂದರೆ ಆ ಮಾತು ಬೇರೆ. ಆಗ ಅಪ್ಪನಿಗೆ ಮೊದಲೇ ತಿಳಿಸಿ. ಏನೇ ಆಗಲಿ, ಬಸುರಿ ಇರುವಾಗ ತುಂಗಭದ್ರಾ ಎಡದಂಡೆ ಕಾಲುವೆಗೆ ಇಳಿಯುವುದು ಬೇಡವೇ ಬೇಡ. ನೀರು ಬಿಟ್ಟಾಗ ಈಜು ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ.

ಮಗುವಿನ ವಿಷಯ. ಪೆಂಟೆಕೋಸ್ಟಲ್ ಸಭೆಗಳಲ್ಲಿ ನೀರಿಲ್ಲದೆ, ಹನ್ನಳು ಸಮುವೇಲನನ್ನು ಒಪ್ಪಿಸಿದಂತೆ, ಮಗುವನ್ನು ಕರ್ತನಿಗೆ ಸಮರ್ಪಿಸುತ್ತಾರೆ. ನೀವಿಬ್ಬರೂ ಅದಕ್ಕೆ ಒಪ್ಪಿದರೆ ನಿಮ್ಮ ತಂದೆಯೂ ಬಂದು ಆಶೀರ್ವದಿಸಲಿ. ಸ್ನಾನವೇ ಬೇಕೆಂದು ನಿಮಗನ್ನಿಸಿದರೆ ಗಂಡನೊಂದಿಗೆ ಈಗಲೇ, ಹೆರಿಗೆಗೆ ಮೊದಲೇ ಕೂತು ಮಾತಾಡಿ. ತವರಿಗೆ ಬಂದಾಗ ಅವರಿಗೆ ತಿಳಿಯದಂತೆ ಮಗುವನ್ನು ಚರ್ಚಿಗೆ ಒಯ್ಯುವುದು ಮಾತ್ರ ಆಗಬಾರದು. ನಿಮ್ಮ ತಂದೆಯೂ ಇದನ್ನು ಓದುತ್ತಾರೆಂದು ತಿಳಿದೇ ಬರೆಯುತ್ತಿದ್ದೇನೆ.

– ಸಂಪಾದಕ